ಮೂರನೆಯ ಕೊಳವೆ

ಕೊಳವೆಯ ಆಕಾರದ ಯಾವ ವಸ್ತು ಕೈಗೆ ಸಿಕ್ಕರೂ ಬದರಿನಾಥರು ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರೊಳಗೆ ಇಣುಕಿ, ಬಳಿಕ ಹೆಬ್ಬೆರಳಿನ ಉಗುರನ್ನು ಅದರ ಅಂಚಿನ ಸುತ್ತ ಒಮ್ಮೆ ಮೆಲ್ಲನೆ ಆಡಿಸದೆ ಕೆಳಗಿಡುವವರಲ್ಲ. ಅದು ಪೆನ್ನಿನ ಮುಚ್ಚಳವಾಗಬಹುದು, ಪರದೆ ತೂಗುವ ಸಲಾಕೆಯಾಗಬಹುದು, ಯಾರದೋ ಮಗುವಿನ ತಟ್ಟೆಯಲ್ಲಿ ಉಳಿದ ಮ್ಯಾಕರೋನಿಯೂ ಆಗಬಹುದು. ನಾನು ಅವರನ್ನು ಮೊದಲು ಕಂಡದ್ದು ಎರಡು ಸಾವಿರದ ಹನ್ನೆರಡರಲ್ಲಿ, ನನ್ನ ಮಗಳು ನೆಲೆಸಿರುವ ಈ ಪರದೇಶದಲ್ಲಿ, ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಹೋಟೆಲೊಂದರಲ್ಲಿ ನಡೆದ ನಾಮಕರಣದ ಊಟದಲ್ಲಿ. ಎಲ್ಲರೂ ಮಾವಿನ ರಸ ಹೀರುತ್ತಿದ್ದಾಗ, ನನ್ನ ಪಕ್ಕದಲ್ಲಿ ಕಂದು ಕೋಟು ತೊಟ್ಟು ಕುಳಿತಿದ್ದ ಈ ಹಿರಿಯರು ತಮ್ಮ ಸ್ಟ್ರಾವನ್ನು ಬೆಳಕಿಗೆ ಹಿಡಿದು, ಚೌತಿಯ ಚಂದ್ರನನ್ನು ಕದ್ದು ನೋಡುವವರಂತೆ ನೋಡಿ, ಗಂಭೀರವಾಗಿ ನನ್ನತ್ತ ತಿರುಗಿದರು.

"ಬರ್ ಇದೆ ನೋಡಿ. ಕಟ್ ಮಾಡಿದೋನಿಗೆ ಏನೋ ಅರ್ಜೆಂಟಿತ್ತು."

ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಪದದ ಪರಿಚಯವಿರಲಿಲ್ಲ. ಏನನ್ನಾದರೂ ಕೊಯ್ದಾಗ ಅಂಚಿನಲ್ಲಿ ಉಳಿದುಬಿಡುವ, ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ತಿಳಿಯುವ ಸೂಕ್ಷ್ಮವಾದ ಮುಳ್ಳಿಗೆ ಆ ಹೆಸರೆಂದು ಅವರೇ ವಿವರಿಸಿದರು. ವಿವರಿಸುತ್ತ ವಿವರಿಸುತ್ತ ಅವರ ಪಾಯಸ ಆರಿತು. ಎದುರಿಗೆ ಕುಳಿತಿದ್ದ ಅವರ ಪತ್ನಿ ವಸಂತಲಕ್ಷ್ಮಿಯವರು, "ಪಾಪ, ಅವರನ್ನ ಊಟ ಮಾಡಕ್ಕೆ ಬಿಡ್ರೀ. ಮೊದಲನೇ ದಿನವೇ ಬರ್ ಶುರು ಮಾಡಿದ್ರಲ್ಲ!" ಎಂದರು. ನಮ್ಮ ಸ್ನೇಹ ಬೆಳೆದದ್ದು ಅಂದಿನಿಂದ.

ಅವರ ಮನೆ ಲಿನ್‌ವುಡ್‌ನಲ್ಲಿ, ನನ್ನ ಮಗಳು ಜಾಹ್ನವಿಯ ಮನೆಯಿಂದ ಮೂರೇ ಬೀದಿ ಆಚೆ. ಮಗಳು ಬೆಳಗ್ಗೆ ಸೌತ್ ಲೇಕ್ ಯೂನಿಯನ್ ಕಡೆಯ ಬಸ್ಸು ಹಿಡಿದು ಕಚೇರಿಗೆ ಹೋದ ಮೇಲೆ ನನಗೆ ಇಡೀ ಹಗಲು ಖಾಲಿ. ಆ ದಂಪತಿಗಳ ಜೊತೆ ಹತ್ತಿರದ ಕೆರೆಯ ಸುತ್ತ ನಡೆಯುವುದು ದಿನಚರಿಯಾಯಿತು. ಬದರಿನಾಥರ ನಡಿಗೆಯೂ ಅವರದೇ. ಹಿಮ್ಮಡಿಯನ್ನು ಊರಿ, ಅಂಗಾಲನ್ನು ನಿಧಾನವಾಗಿ ಮುಂದಕ್ಕೆ ಉರುಳಿಸಿ, ಹೆಬ್ಬೆರಳಿಗೆ ಭಾರ ಬಂದಮೇಲೆಯೇ ಇನ್ನೊಂದು ಕಾಲನ್ನು ಎತ್ತುವರು. ವಸಂತಲಕ್ಷ್ಮಿಯವರು ಕೆರೆಯನ್ನು ಎರಡು ಸುತ್ತು ಬರುವಷ್ಟರಲ್ಲಿ ಇವರದು ಒಂದು ಸುತ್ತು ಮುಗಿದಿರುತ್ತಿತ್ತು; ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಬಂದು ದಾಟುವಾಗ ಆಕೆ, "ನಮಸ್ಕಾರ, ಈ ಕಡೆಯವರಾ?" ಎಂದು ಗಂಡನನ್ನೇ ಕೇಳಿ ಮುಂದೆ ಹೋಗುವರು.

ಆ ಕೋಟಿನ ವಿಷಯವನ್ನು ಹೇಳದಿದ್ದರೆ ಈ ಚಿತ್ರ ಪೂರ್ಣವಾಗದು. ಕಂದು ಬಣ್ಣದ ದಪ್ಪ ಉಣ್ಣೆಯದು, ಮೊಣಕೈಗಳಿಗೆ ಚರ್ಮದ ತೇಪೆ, ತೋಳು ಅವರ ಕೈಗಿಂತ ಒಂದು ಗೇಣು ಉದ್ದ. ಎಡಗಡೆಯ ಜೇಬಿನಲ್ಲಿ ಬೆಂಕಿಪೊಟ್ಟಣದ ಕಡ್ಡಿಗಿಂತ ತುಸು ದಪ್ಪನೆಯ ಅಲ್ಯೂಮಿನಿಯಂ ಕೊಳವೆಗಳ ಕಟ್ಟು. ಬಲಗಡೆಯದರಲ್ಲಿ ಉಜ್ಜುಕಾಗದದ ಚೂರುಗಳು, ಒಂದು ಚಿಮಟ, ತೆಳುವಾದ ಅಲಗಿನ ಚಾಕು, ಅಂಟಿನ ಸೀಸೆ. ಬಿಸಿಲಿಗೆ ಬಂದರೆ ಕೋಟಿನ ತುಂಬ ಲೋಹದ ಪುಡಿ ಮಿನುಗುವುದು. "ಇದನ್ನ ವಾಶಿಂಗ್ ಮೆಶೀನಿಗೆ ಹಾಕಿದ್ರೆ ನನ್ನ ಕಾಟನ್ ಸೀರೆಗೆಲ್ಲ ಜರಿ ಬಂದ್ಬಿಡತ್ತೆ" ಎಂಬುದು ವಸಂತಲಕ್ಷ್ಮಿಯವರ ದೂರು.

ಬದರಿನಾಥರು ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಎಪ್ಪತ್ತೊಂದರಲ್ಲಿ ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು. ಮುಂದೆ ಮೂವತ್ತಾರು ವರ್ಷ ವಿಮಾನ ಕಾರ್ಖಾನೆಯೊಂದರಲ್ಲಿ, ವಿಮಾನದ ಹೊಟ್ಟೆಯೊಳಗೆ ಎಣ್ಣೆ ಹರಿಸುವ ಕೊಳವೆಗಳ ವಿಭಾಗದಲ್ಲಿ ದುಡಿದವರು. ನಿವೃತ್ತರಾದ ಮೇಲೆ ಮನೆಯ ಗ್ಯಾರೇಜಿನಲ್ಲಿ ಕಾರುಗಳ ಪ್ರತಿಕೃತಿಗಳನ್ನು ಮಾಡತೊಡಗಿದರು: ನಿಜವಾದ ಕಾರಿನ ಇಪ್ಪತ್ತನಾಲ್ಕನೆಯ ಒಂದು ಪಾಲು ಅಳತೆ. ಒಡಲು, ಚಕ್ರ, ಆಸನ ಇವೆಲ್ಲ ಅವರಿಗೆ ಕೇವಲ ನೆಪ. ಹೊಗೆ ಬಿಡುವ ಕೊಳವೆ ಬಂದಾಗಲೇ ಅವರ ಮುಖ ಅರಳುತ್ತಿತ್ತು.

ಒಮ್ಮೆ ನನಗೂ ಪಾಠವಾಯಿತು. ಕೊಳವೆಯೊಳಗೆ ಮೊದಲು ಸರಿಯಾಗಿ ಕೂರುವಂಥ ಉಕ್ಕಿನ ತಂತಿ ತೂರಿಸಬೇಕು, ಇಲ್ಲವಾದರೆ ಅದು ಚಪ್ಪಟೆಯಾಗುತ್ತದೆ. ಅದನ್ನು ಮರದ ಹಲಗೆಯ ಮೇಲಿಟ್ಟು, ಅಲಗನ್ನು ಮೇಲೆ ತಾಗಿಸಿ, ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿರಬೇಕು. ಸುತ್ತಲೂ ಒಂದು ಗೆರೆ ಮೂಡುತ್ತದೆ, ಗೆರೆ ಆಳವಾಗುತ್ತದೆ, ಕಡೆಗೆ ಕೊಳವೆ ತಾನಾಗಿಯೇ ಬಿಟ್ಟುಕೊಡುತ್ತದೆ. ಆಮೇಲೆ ಮರದ ತುಂಡಿಗೆ ಕೊರೆದ ರಂಧ್ರದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಒದ್ದೆ ಮಾಡಿದ ಉಜ್ಜುಕಾಗದದ ಮೇಲೆ ಎಂಟರ ಆಕಾರದಲ್ಲಿ ಆಡಿಸಬೇಕು. ಕೊನೆಗೆ ಸೂಜಿಮೊನೆಯ ಉಪಕರಣವನ್ನು ಬಾಯೊಳಗೆ ತಿರುಗಿಸಿ ಒಳಗಿನ ಬರ್ ತೆಗೆಯಬೇಕು. ಅಂಚನ್ನು ಎಷ್ಟು ತೆಳ್ಳಗೆ ಮಾಡಬೇಕೆಂದರೆ, ನೋಡಿದವರಿಗೆ ತಗಡನ್ನು ಸುತ್ತಿ ಮಾಡಿದ ನಿಜವಾದ ಕೊಳವೆಯೇ ದೂರದಲ್ಲಿ ನಿಂತಂತೆ ಕಾಣಬೇಕು.

"ಒತ್ತಬೇಡಿ ಟೀಚರಮ್ಮ, ಉರುಳಿಸಿ" ಎಂದರು. ನಾನು ಒತ್ತಿದೆ. "ಉರುಳಿಸಿ ಅಂದ್ನಲ್ಲ" ಎಂದರು. ನಾನು ಉರುಳಿಸುವೆನೆಂದುಕೊಂಡು ಮತ್ತೆ ಒತ್ತಿದೆ. ನನ್ನ ಕೊಳವೆಯ ಬಾಯಿ ಅಳುವ ಮಗುವಿನ ಬಾಯಂತಾಯಿತು. ಅವರು ಅದನ್ನು ನೋಡಿ ಕಸದ ಬುಟ್ಟಿಗೆ ಹಾಕಿದರು. ಉಪ್ಪಿನಕಾಯಿಯ ಖಾಲಿ ಭರಣಿಯೊಂದು ಅವರ ಮೇಜಿನ ಮೇಲಿತ್ತು. ಅದರ ಮೇಲೆ 'ನಪಾಸು' ಎಂದು ಚೀಟಿ. ತಾವು ಕೊಯ್ದು ತಿರಸ್ಕರಿಸಿದ ಕೊಳವೆಗಳು ಅದರಲ್ಲಿ ನೂರಾರು. ನನ್ನದಕ್ಕೆ ಆ ಭರಣಿ ಸೇರುವ ಯೋಗ್ಯತೆಯೂ ಇರಲಿಲ್ಲವೆಂದು ತಿಳಿದು, ನನ್ನ ಹಳೆಯ ಶಿಷ್ಯರನ್ನೆಲ್ಲ ಮನಸ್ಸಿನಲ್ಲಿಯೇ ಕ್ಷಮೆ ಕೇಳಿದೆ.

'ಒತ್ತಬೇಡ, ಉರುಳಿಸು' ಎಂಬುದು ಅವರ ಸ್ವಂತ ಮಾತಲ್ಲ. ಅದು ಹಾಲ್ವರ್ ಎಂಬಾತನದು. ಬ್ಯಾಲರ್ಡ್ ಬಡಾವಣೆಯ ನಾರ್ವೇಜಿಯನ್ ಮನೆತನದ ಹಾಲ್ವರ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ. ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದ ತರುಣ ಬದರಿನಾಥರನ್ನು ಆತ ಒಂದು ವಾರ ನಕ್ಷೆಯನ್ನು ಮುಟ್ಟಗೊಡದೆ ಕೊಳವೆ ಕೊಯ್ಯಲು ನಿಲ್ಲಿಸಿದ್ದನಂತೆ. ಮೊದಲನೆಯ ಚಳಿಗಾಲದಲ್ಲಿ ಈ ಹುಡುಗ ಬರಿಯ ಸ್ವೆಟರಿನಲ್ಲಿ ನಡುಗುವುದನ್ನು ಕಂಡು, ತನ್ನ ಕೋಟನ್ನು ಬಿಚ್ಚಿ ಕೊಟ್ಟು, "ವಾಪಸು ತಂದರೆ ಬೈಯುತ್ತೇನೆ" ಎಂದವನೂ ಆತನೇ. ತೋಳು ಉದ್ದವಾಗಿರುವುದರ ರಹಸ್ಯ ಅದು.

ಆ ಹಾಲ್ವರ್ ಐವತ್ತೇಳರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ತಾಯಿಯ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ಕೈಯಾರೆ ಒಂದು ಪಂದ್ಯದ ಕಾರನ್ನು ಕಟ್ಟಿದ್ದ. ಎರಡು ಬೇಸಗೆ ಅದನ್ನು ಓಡಿಸಿ, ಮದುವೆಯಾಗುವಾಗ ಮಾರಿದ. ಕೊಂಡವನು ಅದನ್ನು ಗುಜರಿಗೆ ಕಳಿಸಿದ. ಉಳಿದದ್ದು ಮೂರು ಛಾಯಾಚಿತ್ರಗಳು. ಪಂದ್ಯದ ವರ್ತುಲದಲ್ಲಿ ಕಾರುಗಳು ಸದಾ ಎಡಕ್ಕೇ ತಿರುಗುತ್ತವೆ; ಹೊರಗಿನ ಗ್ಯಾಲರಿಯಲ್ಲಿ ಕುಳಿತವರಿಗೆ ಕಾಣುವುದು ಬಲಮಗ್ಗುಲೊಂದೇ; ಆದ್ದರಿಂದ ಮೂರೂ ಚಿತ್ರಗಳಲ್ಲಿ ಬಲಗಡೆಯೇ ಇತ್ತು. ಒಡಲಿನಿಂದ ಓರೆಯಾಗಿ ಹೊರಚಾಚಿದ ನಾಲ್ಕು ಹೊಗೆಕೊಳವೆಗಳು, ಕೊಳಲುಗಳ ಸಾಲಿನಂತೆ. ಹೆಂಡತಿ ತೀರಿಕೊಂಡು ಬ್ಯಾಲರ್ಡಿನ ವೃದ್ಧರ ವಸತಿಯೊಂದಕ್ಕೆ ಸೇರಿದ್ದ ಹಾಲ್ವರನಿಗೆ ಬದರಿನಾಥರು ಮಾತು ಕೊಟ್ಟಿದ್ದರು: ನಿನ್ನ ಕಾರನ್ನು ಮತ್ತೆ ನಿನ್ನ ಮುಂದೆ ನಿಲ್ಲಿಸುತ್ತೇನೆ. ನಾನು ಅವರನ್ನು ಕಾಣುವ ವೇಳೆಗೆ ಆ ಮಾತಿಗೆ ಒಂದು ವರ್ಷವಾಗಿತ್ತು. ಹಾಲ್ವರನ ದೃಷ್ಟಿಯ ನಡುಭಾಗ ಮಂಜಾಗತೊಡಗಿತ್ತು. ಭೂತಗನ್ನಡಿ ಹಿಡಿದು ಓದುತ್ತಿದ್ದ.

ಮುಂದಿನ ಮೂರು ವರ್ಷಗಳನ್ನು ನಾನು ಕಣ್ಣಾರೆ ಕಂಡೆ. ಇಂಜಿನ್ನಿನ ಬಗೆಗೆ, ಚಕ್ರದ ಬಗೆಗೆ, ಸ್ಟಿಯರಿಂಗಿಗೆ ಸುತ್ತಿದ ಪಟ್ಟಿಯ ಬಗೆಗೆ ಬದರಿನಾಥರು ಫೋನಿನಲ್ಲಿ ಹಾಲ್ವರನನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಕೊಳವೆಗಳ ಬಗೆಗೆ ಮಾತ್ರ ಒಂದನ್ನೂ ಕೇಳಲಿಲ್ಲ. ಆ ವಿಷಯದಲ್ಲಿ ತಾವು ಕೇಳಬೇಕಾದದ್ದು ಏನಿದೆ ಎಂಬ ಭಾವ. ಎರಡು ವರ್ಷದೊಳಗೆ ಕಾರು ಸಿದ್ಧವಾಯಿತು, ಕೊಳವೆಗಳು ಆಗಲಿಲ್ಲ. ಬಲಕ್ಕೆ ನಾಲ್ಕು, ಎಡಕ್ಕೂ ನಾಲ್ಕು, ಎಂಟೂ ಕೊಳವೆಗಳು ಒಂದೇ ಸಮ ಆಗಬೇಕು. ಏಳು ಸರಿಯಾದರೆ ಎಂಟನೆಯದು ನಪಾಸು. ಎಂಟನೆಯದು ಪಾಸಾದರೆ ಅದರ ಎದುರು ಮೊದಲಿನ ಏಳೂ ಒರಟಾಗಿ ಕಾಣುವುವು. ಮತ್ತೆ ಎಲ್ಲವೂ ಭರಣಿಗೆ.

"ರೀ, ಆ ಮನುಷ್ಯನ ಕಣ್ಣು ನಿಮ್ಮ ಸ್ಯಾಂಡ್‌ಪೇಪರಿಗೋಸ್ಕರ ಕಾಯ್ತಾ ಕೂತಿರತ್ತಾ?" ಎಂದು ವಸಂತಲಕ್ಷ್ಮಿಯವರು ಕೇಳಿದರು.

"ಇನ್ನೊಂದು ವಾರ ಅಷ್ಟೇ ಕಣೇ."

"ಯಾವ ವರ್ಷದ ವಾರ?"

ಎರಡು ಸಾವಿರದ ಹದಿನೈದರ ವಸಂತದಲ್ಲಿ ಒಂದು ಮಧ್ಯಾಹ್ನ ನಾನು ಗ್ಯಾರೇಜಿಗೆ ಹೋದಾಗ ಬದರಿನಾಥರು ಕೈಕಟ್ಟಿ ಕುಳಿತಿದ್ದರು. ಕೊಳವೆಯಿಲ್ಲದ ಅವರ ಕೈಯನ್ನು ನಾನು ಕಂಡದ್ದು ಅದೇ ಮೊದಲು. ಹಾಲ್ವರ್ ಫೋನು ಮಾಡಿದ್ದನಂತೆ. "ಅವಸರವೇನಿಲ್ಲ ಬದ್ರಿ, ಈಗ ಮುಖಗಳೇ ಕಾಣುವುದಿಲ್ಲ, ಕಾರು ಯಾವಾಗ ಬಂದರೂ ಒಂದೇ" ಎಂದು ನಗುತ್ತ ಹೇಳಿದನಂತೆ.

"ನಾನು ಲೇಟ್ ಮಾಡ್ಬಿಟ್ಟೆ" ಎಂದರು ಬದರಿನಾಥರು. ಅದು ನಿಜವೇ ಆಗಿತ್ತು.

ಆದರೆ ಬದರಿನಾಥರನ್ನು ಅಷ್ಟು ಸುಲಭವಾಗಿ ತಿಳಿಯಲಾಗದು. ನಾಲ್ಕನೆಯ ದಿನ ಹೋಗಿ ನೋಡುತ್ತೇನೆ, ಕಣ್ಣಿಗೆ ಟವೆಲು ಕಟ್ಟಿಕೊಂಡು ಕೊಳವೆಗಳ ಅಂಚನ್ನು ಸವರುತ್ತಿದ್ದಾರೆ! ಇನ್ನು ಹಾಲ್ವರ್ ತನ್ನ ಕಾರನ್ನು ಗುರುತಿಸಬೇಕಾದರೆ ಬೆರಳಿನಿಂದ ತಾನೇ? ಕಣ್ಣನ್ನು ಮೋಸಮಾಡಬಹುದು, ಆ ಬೆರಳುಗಳನ್ನು ಮೋಸಮಾಡಲಾಗದು. ಆದ್ದರಿಂದ ಎಂಟೂ ಕೊಳವೆಗಳನ್ನು ಹೊಸದಾಗಿ ಮಾಡಬೇಕು. ವಸಂತಲಕ್ಷ್ಮಿಯವರು ಗ್ಯಾರೇಜಿನ ಬಾಗಿಲಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, ತೀರ್ಪು ಕೊಟ್ಟರು: "ಸೆಪ್ಟೆಂಬರ್ ಹನ್ನೆರಡಕ್ಕೆ ಆತನ ಬರ್ತ್‌ಡೇ. ಎಂಬತ್ತಾರು ತುಂಬತ್ತೆ. ಕೊಳವೆ ಇರಲಿ ಬಿಡಲಿ, ಅವತ್ತು ಕಾರು ತಗೊಂಡು ನಾನು ಹೋಗ್ತೀನಿ. ನೀವು ಬೇಕಾದ್ರೆ ಬನ್ನಿ."

ಸೆಪ್ಟೆಂಬರ್ ಹನ್ನೆರಡರಂದು ಮೂವರೂ ಹೊರಟೆವು. ಕಾರನ್ನು ನಡೆಸಿದವರು ವಸಂತಲಕ್ಷ್ಮಿಯವರು; ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬದರಿನಾಥರು ಮುಂದೆ; ಎರೆಯಪ್ಪದ ಡಬ್ಬಿ ಹಿಡಿದು ನಾನು ಹಿಂದೆ. ಪೆಟ್ಟಿಗೆಯೊಳಗೆ ಕೆಂಪು ಬಣ್ಣದ ಅಂಗೈಯುದ್ದದ ಕಾರು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಕೊಳವೆಗಳು, ಎಂಟೂ ಅವಳಿಗಳಂತೆ.

ಹಾಲ್ವರ್ ಕಿಟಕಿಯ ಬಳಿ ಕುಳಿತಿದ್ದ. ಎತ್ತರದ ಆಳು, ಹಲಗೆಯಂಥ ಅಂಗೈಗಳು. ಬದರಿನಾಥರು ಬಗ್ಗಿದಾಗ ಅವರ ತೋಳನ್ನು ಹಿಡಿದು, ಮೊಣಕೈಯ ತೇಪೆಯನ್ನು ಸವರಿ, "ಈ ಕೋಟು ಇನ್ನೂ ಸತ್ತಿಲ್ಲವೇ?" ಎಂದ. ಆತ ಆಡಿದ್ದು ಇಂಗ್ಲಿಷು, ಬರೆದದ್ದು ನನ್ನ ಕನ್ನಡ. ಕಾರನ್ನು ಮಡಿಲಿನಲ್ಲಿಟ್ಟುಕೊಂಡು ಬೆರಳಾಡಿಸತೊಡಗಿದ. ಮೂತಿಯನ್ನು ಮುಟ್ಟಿ ತಲೆಯಾಡಿಸಿದ. ಸ್ಟಿಯರಿಂಗನ್ನು ಕಿರುಬೆರಳಿನ ತುದಿಯಿಂದ ಹುಡುಕಿ ನಕ್ಕ. ಬಲಗಡೆಯ ಕೊಳವೆಗಳ ಮೇಲೆ ಬೆರಳು ಒಂದು, ಎರಡು, ಮೂರು, ನಾಲ್ಕು ಎಂದು ಇಳಿಯಿತು; ಮುಖ ಬೆಳಗಿತು. ಬದರಿನಾಥರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಬೆರಳು ಎಡಗಡೆಗೆ ಬಂತು. ಒಂದು, ಎರಡು, ಮೂರು. ಅಲ್ಲಿ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂದು ನಿಂತಿತು.

"ಬಹಳ ಚಂದದ ಕಾರು ಬದ್ರಿ" ಎಂದ ಹಾಲ್ವರ್, ತುಂಬ ಮೃದುವಾಗಿ. "ಆದರೆ ಇದು ನನ್ನದಲ್ಲ."

ಬದರಿನಾಥರ ಮುಖವನ್ನು ನಾನು ನೋಡಲಿಲ್ಲ. ನೋಡಬಾರದೆನಿಸಿತು.

ಸಂಗತಿ ಇಷ್ಟೇ. ಮೊದಲನೆಯ ಪಂದ್ಯದ ದಿನ ಬೆಳಗ್ಗೆ ಕಾರನ್ನು ಶೆಡ್ಡಿನಿಂದ ಹಿಂದಕ್ಕೆ ತೆಗೆಯುವಾಗ ಎಡಗಡೆಯ ಮೂರನೆಯ ಕೊಳವೆ ಬಾಗಿಲ ಚೌಕಟ್ಟಿಗೆ ಬಡಿದು ನಜ್ಜುಗುಜ್ಜಾಯಿತು. ಹೊಸದನ್ನು ಮಾಡುವಷ್ಟು ಹೊತ್ತಿರಲಿಲ್ಲ. ಹಾಲ್ವರ್ ಜಜ್ಜಿದ ತುದಿಯನ್ನು ಗರಗಸದಿಂದ ಸೊಟ್ಟಗೆ ಕೊಯ್ದೆಸೆದು ಹಾಗೆಯೇ ಓಡಿಸಿದ. ಕೊಯ್ಯುವಾಗ ಅದರ ಅಂಚು ಹೆಬ್ಬೆರಳನ್ನು ಸೀಳಿತು. ಪಂದ್ಯದಲ್ಲಿ ಬಂದದ್ದು ಎರಡನೆಯ ಸ್ಥಾನ. ಆಮೇಲೆ ಅದೃಷ್ಟವೆಂದು ಆ ಕೊಳವೆಯನ್ನು ಬದಲಿಸಲೇ ಇಲ್ಲ. ಗ್ಯಾಲರಿಯವರು ಅದನ್ನು ಕಾಣಲಿಲ್ಲ, ಛಾಯಾಚಿತ್ರಗಳು ಕಾಣಲಿಲ್ಲ. ಬಲಗಡೆ ಹೇಗೋ ಎಡಗಡೆಯೂ ಹಾಗೆಯೇ ಎಂದು ನಮ್ಮ ಇಂಜಿನಿಯರು ತೀರ್ಮಾನಿಸಿಬಿಟ್ಟಿದ್ದರು.

"ನೀನು ಕೊಳವೆಯ ಬಗ್ಗೆ ಕೇಳಲೇ ಇಲ್ಲವಲ್ಲ" ಎಂದ ಹಾಲ್ವರ್.

ಬದರಿನಾಥರು ಕೋಟಿನ ಜೇಬಿನಿಂದ ಚಿಮಟ ತೆಗೆದು, ಆ ಮೂರನೆಯ ಕೊಳವೆಯನ್ನು ಹಲ್ಲು ಕೀಳುವವರಂತೆ ಕಿತ್ತರು. ಚಹಾದ ಮೇಜಿನ ಮೇಲೆ ಪತ್ರಿಕೆ ಹಾಸಿ, ಹೊಸ ಕೊಳವೆಯಿಟ್ಟು, ಮೂರು ಮಿಲಿಮೀಟರು ಗಿಡ್ಡವಾಗಿ, ಸೊಟ್ಟಗೆ ಕೊಯ್ಯಲು ತೊಡಗಿದರು. ಕೊಯ್ದರು. ಗಿಡ್ಡವಾಯಿತು, ಸೊಟ್ಟಗಾಗಲಿಲ್ಲ. ಹಾಲ್ವರ್ ಮುಟ್ಟಿ, "ತುಂಬ ಚೆನ್ನಾಗಿದೆ" ಎಂದು ತಲೆಯಲ್ಲಾಡಿಸಿದ. ಎರಡನೆಯದನ್ನು ಬೇಕೆಂದೇ ಓರೆಯಾಗಿ ಹಿಡಿದು ಕೊಯ್ದರು. ಓರೆಯೇನೋ ಬಂತು, ಆದರೆ ಒಡವೆಯ ಅಂಚಿನಂತೆ ನುಣುಪು. ಮೂರನೆಯದನ್ನು ಕೊಯ್ಯುವಾಗ ಅವರ ಹಣೆಯಲ್ಲಿ ಬೆವರು ಮೂಡಿತು. ನಲವತ್ತು ವರ್ಷ ಕಲಿತದ್ದನ್ನು ಕೈ ಬಿಡಲೊಲ್ಲದು. ಪಕ್ಕದ ಕುರ್ಚಿಗಳ ಅಜ್ಜಿಯರಿಬ್ಬರು ಹೆಣಿಗೆ ನಿಲ್ಲಿಸಿ ನೋಡುತ್ತಿದ್ದರು.

"ಕೊಡ್ರೀ ಇಲ್ಲಿ!" ಎಂದರು ವಸಂತಲಕ್ಷ್ಮಿಯವರು.

"ನಿನಗೆ ಬರಲ್ವೇ ಅದು..."

"ಬರಲ್ಲ ಅಂತಲೇ ಕೇಳ್ತಿರೋದು!"

ಚಾಕು ತೆಗೆದುಕೊಂಡು, ಬೆಂಡೆಕಾಯಿಯ ತೊಟ್ಟು ತೆಗೆಯುವಂತೆ, ಎದ್ದು ನಿಂತು ಒಂದೇ ಸಲ ಒತ್ತಿದರು. ಟಕ್ಕೆಂದು ಸದ್ದಾಯಿತು. ತುಂಡು ಹಾರಿ ಅಜ್ಜಿಯೊಬ್ಬಳ ಉಣ್ಣೆಯ ಉಂಡೆಯಲ್ಲಿ ಅಡಗಿತು. ಉಳಿದ ಕೊಳವೆಯ ಬಾಯಿ ಜಜ್ಜಿ, ಸೊಟ್ಟಗಾಗಿ, ಒಂದು ಮಗ್ಗುಲಲ್ಲಿ ಗರಿಯಂಥ ಮುಳ್ಳೆದ್ದಿತ್ತು. ಬದರಿನಾಥರ ಬಲಗೈ ಅವರಿಗರಿವಿಲ್ಲದೆಯೇ ಜೇಬಿನ ಉಜ್ಜುಕಾಗದದತ್ತ ಹೋಯಿತು. ಹೆಂಡತಿ ಅದರ ಮೇಲೆ ಪಟ್ಟೆಂದು ಒಂದು ಏಟು ಕೊಟ್ಟರು. ಕಡೆಗೆ ಅವರು ಕಣ್ಣು ಕಿರಿದುಮಾಡಿಕೊಂಡು, ವಿಷ ಕುಡಿಯುವವರ ಮುಖಭಾವದಿಂದ, ಅದಕ್ಕೆ ಅಂಟು ಸವರಿ ಮೂರನೆಯ ರಂಧ್ರದಲ್ಲಿ ಕೂರಿಸಿದರು.

ಹಾಲ್ವರನ ಹೆಬ್ಬೆರಳು ಎಡಗಡೆಯಲ್ಲಿ ಮತ್ತೆ ಇಳಿಯಿತು. ಒಂದು. ಎರಡು. ಮೂರನೆಯದರಲ್ಲಿ ಗಕ್ಕನೆ ನಿಂತಿತು. ಆತ ಬೆರಳನ್ನು ಬಾಯಿಗಿಟ್ಟುಕೊಂಡ. ಹೆಬ್ಬೆರಳಿನ ಮೇಲೆ ಹಳೆಯದೊಂದು ಬಿಳಿಯ ಗಾಯದ ಗೆರೆಯಿತ್ತು. ಅದರ ಪಕ್ಕದಲ್ಲಿಯೇ ಹೊಸದಾಗಿ ಸಾಸಿವೆಯಷ್ಟು ಕೆಂಪು.

"ಕಚ್ಚಿತು!" ಎಂದು ಕೂಗಿ, ಆ ದೊಡ್ಡ ಅಂಗೈಯಿಂದ ತೊಡೆ ಬಡಿದು, ಕೋಣೆಯೆಲ್ಲ ತಿರುಗಿ ನೋಡುವಂತೆ ನಕ್ಕ. "ಅದೇ ಇದು. ನನ್ನ ಕಾರು ಬಂತು!" ಆಮೇಲೆ ಕಣ್ಣೊರೆಸಿಕೊಂಡು ವಸಂತಲಕ್ಷ್ಮಿಯವರ ಕಡೆಗೆ ಕೈಚಾಚಿದ: "ಅಮ್ಮಾ, ನಿನ್ನಂಥವರು ನನ್ನ ವಿಭಾಗದಲ್ಲಿದ್ದಿದ್ದರೆ ಒಂದು ವಿಮಾನವೂ ಹಾರುತ್ತಿರಲಿಲ್ಲ."

ಹಿಂತಿರುಗುವಾಗ ಹೆದ್ದಾರಿಯ ಸಂದಣಿಯಲ್ಲಿ ಕಾರು ಆಮೆಯಂತೆ ಸಾಗಿತ್ತು. ಬದರಿನಾಥರು, "ಎರಡು ವರ್ಷ ಮುಂಚೆ ಕೊಟ್ಟಿದ್ರೆ ಕಣ್ಣಲ್ಲೇ ನೋಡಿರ್ತಿದ್ದ" ಎಂದರು.

"ಹೌದು, ನೋಡಿರ್ತಿದ್ದ" ಎಂದರು ವಸಂತಲಕ್ಷ್ಮಿಯವರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನು ಮೇಲಾದ್ರೂ ಕೇಳಿ, ಬೇಗ ಮುಗಿಸಿ. ಕತ್ತರಿಸೋದಿದ್ರೆ ನನ್ನ ಕರೀರಿ" ಎಂದರು. ಬದರಿನಾಥರು ಭುಜ ಕುಣಿಯುವಂತೆ ನಕ್ಕರು.

ಮರುವರ್ಷ ಪ್ರತಿಕೃತಿಗಳ ಪ್ರದರ್ಶನಕ್ಕೆ ಹಾಲ್ವರ್ ಆ ಕಾರನ್ನು ಹಟಮಾಡಿ ಕಳಿಸಿಕೊಟ್ಟ. ತೀರ್ಪುಗಾರರ ಚೀಟಿಯಲ್ಲಿ, 'ಕೆಲಸ ಅತ್ಯುತ್ತಮ. ಎಡಗಡೆಯ ಮೂರನೆಯ ಕೊಳವೆ ಅಜಾಗರೂಕತೆಯಿಂದ ಕೊಯ್ದದ್ದು' ಎಂದಿತ್ತು. ಬಹುಮಾನ ಬರಲಿಲ್ಲ. ಆ ಚೀಟಿಗೆ ಬದರಿನಾಥರು ಚೌಕಟ್ಟು ಹಾಕಿಸಿ, ಗ್ಯಾರೇಜಿನಲ್ಲಿ 'ನಪಾಸು' ಭರಣಿಯ ಮೇಲುಗಡೆ ತೂಗುಹಾಕಿದರು. ಬಂದವರಿಗೆಲ್ಲ, "ನಮ್ಮನೆಯವಳ ಕೆಲಸ" ಎಂದು ತೋರಿಸುವರು. ಚೌಕಟ್ಟಿನ ಮೂಲೆಗಳನ್ನು ಮಾತ್ರ ತಾವೇ ಉಜ್ಜಿ ನುಣುಪು ಮಾಡಿದ್ದರು.

ಅಂಚುಗಳನ್ನು ತಿದ್ದುತ್ತ ಕೂರುವ ಈ ಬಗೆಯ ಜನ ಎಲ್ಲ ಕಸುಬುಗಳಲ್ಲಿಯೂ ಇದ್ದಾರೆ. ಅವರೊಡನೆ ಬಾಳುವುದು ಸುಲಭವಲ್ಲ: ಊಟ ಆರುತ್ತದೆ, ಗಡುವು ಮೀರುತ್ತದೆ, ಕೆಲವೊಮ್ಮೆ ಕಾದಿದ್ದವರ ಕಣ್ಣೇ ಮಂಜಾಗುತ್ತದೆ, ಆ ತಪ್ಪನ್ನು ನಾನು ಚಿಕ್ಕದೆನ್ನಲಾರೆ. ಆದರೆ ಅವರು ಹೊಗಳಿಕೆಗಾಗಿ ಹಾಗೆ ಮಾಡುತ್ತಾರೆಂದು ತಿಳಿಯುವುದು ಸರಿಯಲ್ಲ. ನನ್ನ ತರಗತಿಗಳಲ್ಲಿಯೂ ಅಂಥ ಮಕ್ಕಳಿದ್ದರು. ನೂರಕ್ಕೆ ತೊಂಬತ್ತೊಂಬತ್ತು ಬಂದರೂ ಉತ್ತರಪತ್ರಿಕೆ ಹಿಡಿದು ಮೇಜಿನ ಬಳಿ ನಿಲ್ಲುವವರು. ಒಂದು ಅಂಕದಾಸೆಗೆ ಬಂದಿದ್ದಾರೆಂದು ಆಗ ನಾನು ಗದರಿಸಿ ಕಳಿಸುತ್ತಿದ್ದೆ. ಅವರಿಗೆ ಬೇಕಾಗಿದ್ದುದು ಅಂಕವಲ್ಲವೆಂದು ಬ್ಯಾಲರ್ಡಿನ ಆ ಕಿಟಕಿಯ ಬಳಿ ನನಗೆ ಹೊಳೆಯಿತು. ತಾವು ಮಾಡಿದ್ದರ ಮೇಲೆ ಯಾರದಾದರೂ ಬೆರಳು ಮೊದಲಿನಿಂದ ಕೊನೆಯವರೆಗೆ, ಎಡಮಗ್ಗುಲನ್ನೂ ಬಿಡದೆ, ಹಾದು ಹೋಗಬೇಕು. ಹಾಗೆ ಹೋದ ಬೆರಳು ಎಲ್ಲಿಯೋ ನಿಂತು 'ಇದು ತಪ್ಪು' ಎಂದರೂ ಅವರಿಗೆ ಅದು ಹಬ್ಬ.